ಎರಡು ಸಾವಿರದ ಆರುನೂರ ನಲವತ್ತಾರು ಲಗತ್ತುಗಳು

ಇಪ್ಪತ್ತೇಳು ಇಮೇಲುಗಳನ್ನು ಒಂದೊಂದಾಗಿ ಕೈಯಿಂದ ಕಳುಹಿಸುವುದು ಮನುಷ್ಯಪ್ರಯತ್ನಕ್ಕೇ ಅಪಮಾನವೆಂದೂ, ಆ ಕಾರ್ಯವನ್ನು ಸ್ವತಃ ನಾನೇ ರಚಿಸಿದ ಪ್ರೋಗ್ರಾಮಿನಿಂದ ಒಂದೇ ಉಸಿರಿನಲ್ಲಿ ನೆರವೇರಿಸಿ ಲೋಕಕ್ಕೆ ಮೇಲ್ಪಂಕ್ತಿ ಹಾಕಿಕೊಡುವೆನೆಂದೂ ಒಂದು ಮಂಗಳವಾರದ ಬೆಳಗ್ಗೆ ನಾನು ಶಪಥಗೈದೆ. ಶಪಥಕ್ಕೆ ಸಾಕ್ಷಿಗಳು ಎರಡೇ. ಒಂದು, ಅಡುಗೆಮನೆಯ ಗೋಡೆಗಡಿಯಾರ. ಇನ್ನೊಂದು, ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ತಲೆಗೂದಲು ಗಂಟು ಹಾಕಿಕೊಳ್ಳುತ್ತಿದ್ದ ನನ್ನ ಅರ್ಧಾಂಗಿ. ಗಡಿಯಾರ ಸುಮ್ಮನಿತ್ತು.

"ಇಪ್ಪತ್ತೇಳೇ ತಾನೆ?" ಎಂದಳು ಅವಳು. "ಒಂದಕ್ಕೆ ಎರಡು ನಿಮಿಷ ಅಂದ್ರೂ ಒಂದು ಗಂಟೆ ಆಯ್ತು. ಸಂಜೆ ಡ್ಯೂಟಿ ಮುಗಿಸಿ ಬಂದು ನಾನೇ ಕಳಿಸಿಬಿಡ್ತೀನಿ, ಇಡಿ."

"ಇದು ಗಂಟೆಯ ಪ್ರಶ್ನೆಯಲ್ಲ, ಕಣೇ. ತತ್ವದ ಪ್ರಶ್ನೆ."

"ತತ್ವಕ್ಕೆ ಎಷ್ಟು ದಿನ ಬೇಕು?"

"ನಾಲ್ಕು."

ಅವಳು ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ವಾರ್ಡಿನ ಹಿರಿಯ ನರ್ಸ್ ಆದವಳಿಗೆ ದಿನವೂ ಹಟಮಾರಿ ರೋಗಿಗಳನ್ನು ನೋಡಿ ಅಭ್ಯಾಸ. ಮನೆಯಲ್ಲಿರುವವನಿಗೆ ಅವಳು ಹೆಚ್ಚು ಮಾತು ಖರ್ಚು ಮಾಡುವುದಿಲ್ಲ.

ಹಿನ್ನೆಲೆಯನ್ನು ಅರುಹದೆ ಮುಂದುವರಿದರೆ ಓದುಗರಿಗೆ ಅನ್ಯಾಯವಾದೀತು. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಮೂವತ್ತೆಂಟು ವರ್ಷ ಒಂದೇ ಮೇಜಿನ ಹಿಂದೆ ಕುಳಿತು ಹರಿದ ಪುಟಗಳಿಗೆ ಅಂಟು ಹಚ್ಚಿದ, ಪುಸ್ತಕ ಹಿಂತಿರುಗಿಸಲು ಮರೆತವರ ಮನೆಬಾಗಿಲಿಗೆ ತಾವೇ ನಡೆದು ಹೋಗಿ "ಓದಿ ಆಯ್ತಾ, ಹೇಗಿತ್ತು?" ಎಂದಷ್ಟೇ ಕೇಳಿ ಬರುತ್ತಿದ್ದ ಗ್ರಂಥಪಾಲಕರು ಅಂದಿಗೆ ಎರಡು ವಾರಕ್ಕೆ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಯ ದಿನ ಅವರ ಕೈಗೆ ಒಂದು ಪುಸ್ತಕವನ್ನೇ ಇಡಬೇಕೆಂದು ಓದುಗರಾದ ನಾವು ನಿಶ್ಚಯಿಸಿದೆವು. ಇಪ್ಪತ್ತಾರು ಮಂದಿ ಒಂದೊಂದು ಲೇಖನ ಬರೆದುಕೊಟ್ಟರು. ಸಂಪಾದಕತ್ವದ ಭಾರ ನನ್ನ ಹೆಗಲಿಗೆ ಬಿತ್ತು. ಬಿತ್ತು ಎಂಬುದು ವಿನಯದ ಮಾತು. ನಾನೇ ಓಡಿಹೋಗಿ ಹೆಗಲು ಕೊಟ್ಟೆ. ಹಳೆಯ ಗದ್ಯದ ಗಾಂಭೀರ್ಯದಲ್ಲಿ ಮೂವತ್ತೊಂದು ಪುಟಗಳ ಪ್ರಸ್ತಾವನೆಯನ್ನೂ ರಚಿಸಿದೆ. ಅದೂ ಸೇರಿ ಇಪ್ಪತ್ತೇಳು.

ನಮ್ಮ ಮುದ್ರಕರದೊಂದು ನಿಯಮವಿದೆ. ಹಿಂದೊಮ್ಮೆ ಲೇಖಕರೊಬ್ಬರು, ತಮ್ಮ ಅಜ್ಜಿಯ ಚಿತ್ರದ ಕೆಳಗೆ ಬೇರೊಬ್ಬರ ಅಜ್ಜಿಯ ಹೆಸರು ಅಚ್ಚಾಯಿತೆಂದು ಮುದ್ರಣಾಲಯದ ಮೆಟ್ಟಿಲ ಮೇಲೆ ಮೂರು ದಿನ ಕುಳಿತಿದ್ದರಂತೆ. ಅಂದಿನಿಂದ, ಪ್ರೂಫ್ ನೋಡಿ ಒಪ್ಪಿದ್ದೇನೆಂದು ಪ್ರತಿಯೊಬ್ಬ ಲೇಖಕರೂ ಸಹಿ ಮಾಡಿದ ಚೀಟಿ ಕೈಸೇರದೆ ಅವರು ಯಂತ್ರದ ಗುಂಡಿ ಒತ್ತುವುದಿಲ್ಲ.

"ಶನಿವಾರ ಸಂಜೆ ಐದು ಗಂಟೆ ಸಾರ್," ಎಂದಿದ್ದರು. "ಇಪ್ಪತ್ತೇಳು ಚೀಟಿ ಬಂದ್ರೆ ನಿಮ್ಮ ಪುಸ್ತಕ ಮೆಷಿನ್ನಿಗೆ ಹತ್ತುತ್ತೆ. ಇಪ್ಪತ್ತಾರು ಬಂದ್ರೂ ಹತ್ತಲ್ಲ. ಐದೂ ಐದಕ್ಕೆ ಶಾಲೆ ಪುಸ್ತಕ ಹತ್ತಿಸ್ತೀನಿ. ಅದು ಇಳಿಯೋಕೆ ನಲವತ್ತು ದಿನ."

ನಲವತ್ತು ದಿನಗಳೆಂದರೆ ಬೀಳ್ಕೊಡುಗೆ ಮುಗಿದು ತಿಂಗಳಾಗಿರುತ್ತದೆ. ಮೂವತ್ತೆಂಟು ವರ್ಷ ನಮ್ಮ ಕೈಗೆ ಪುಸ್ತಕ ಕೊಟ್ಟವರನ್ನು ನಾವು ಬರಿಗೈಯಲ್ಲಿ ಕಳುಹಿಸಿಕೊಡಬೇಕಾಗುತ್ತದೆ. 

ಲೇಖಕರೊಬ್ಬೊಬ್ಬರಿಗೂ ಮೂರು ಫೈಲುಗಳನ್ನು ಲಗತ್ತಿಸಿ ಕಳುಹಿಸಬೇಕಿತ್ತು: ಅವರ ಲೇಖನದ ಪ್ರೂಫ್, ಒಪ್ಪಿಗೆಯ ಚೀಟಿ, ಮತ್ತು ಸಂಪಾದಕನಾದ ನನ್ನದೊಂದು ಆಪ್ತ ಪತ್ರ. ಈ ಮೂರನೆಯದರ ವಿಷಯದಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ಲೇಖಕರಿಂದ ಬೇಗ ಸಹಿ ಪಡೆಯಲು ಹೊಗಳಿಕೆಗಿಂತ ಚುರುಕಾದ ಸಾಧನವನ್ನು ನಾನು ಕಂಡಿಲ್ಲ. ಆದಕಾರಣ ಇಪ್ಪತ್ತಾರು ಮಂದಿಗೂ, ಈ ಸಂಪುಟಕ್ಕೆ ತಮ್ಮ ಲೇಖನವೇ ಕಳಶವೆಂದು ಬರೆದೆ. ಬರಿಯ ಹೊಗಳಿಕೆ ಸಪ್ಪೆಯಾದೀತೆಂದು ಪ್ರತಿಯೊಂದರಲ್ಲೂ ಬೇರೊಬ್ಬರನ್ನು ತುಸು ಚಿವುಟಿದೆ. 'ದಂತವೈದ್ಯರ ಬರಹದಲ್ಲಿ ಹಲ್ಲುಗಳಿವೆ, ಕಚ್ಚುವ ಶಕ್ತಿಯಿಲ್ಲ. ತಮ್ಮದರಲ್ಲಿ ಎರಡೂ ಇವೆ' ಎಂಬ ಬಗೆಯ ಮಾತುಗಳು. ಕೊನೆಗೆ ಎಲ್ಲ ಪತ್ರಗಳಲ್ಲೂ ಒಂದೇ ಸಾಲು: 'ಇದು ನಮ್ಮಿಬ್ಬರ ನಡುವೆ ಇರಲಿ.'

ಇನ್ನು ನನ್ನ ಪ್ರೋಗ್ರಾಮಿಂಗ್ ಪಾಂಡಿತ್ಯದ ವಿಚಾರ. ಗ್ರಂಥಾಲಯದಲ್ಲಿಯೇ ಭಾನುವಾರಗಳಂದು ಆರಂಭಿಕರಿಗಾಗಿ ನಡೆದ ತರಗತಿಗೆ ಎಂಟು ವಾರ ಹೋಗಿದ್ದೆ. ಆರನೆಯ ವಾರಕ್ಕೆ ನನ್ನ ಯಂತ್ರ ಒಂದರಿಂದ ಹತ್ತರವರೆಗೆ ಎಣಿಸಿತು. ಎಂಟನೆಯ ವಾರಕ್ಕೆ ಒಂದು ಇಮೇಲ್ ಕಳುಹಿಸಿತು. ಇಷ್ಟು ಸಾಧನೆಯುಳ್ಳವನು ಇಪ್ಪತ್ತೇಳು ಕಳುಹಿಸಲಾರನೇ?

ಗ್ರಂಥಾರಂಭದಲ್ಲಿ ದೇವರನ್ನು ನೆನೆಯದೆ ನಾನು ಈವರೆಗೆ ಅಂಗಡಿಯ ಚೀಟಿಯನ್ನೂ ಬರೆದವನಲ್ಲ. ಹಾಗಾಗಿ ಪ್ರೋಗ್ರಾಮಿನ ನೆತ್ತಿಯಲ್ಲಿ ನಾಲ್ಕು ಸಾಲಿನ ಸ್ತುತಿಯೊಂದನ್ನು ರಚಿಸಿ ಇರಿಸಿದೆ. ಯಂತ್ರ ಕೆಂಪಕ್ಷರಗಳಲ್ಲಿ ಸಿಡುಕಿತು: ಮೊದಲನೆಯ ಸಾಲಿನಲ್ಲಿ ದೋಷ. ಪ್ರಾಸ ನೋಡಿದೆ, ಸರಿಯಿತ್ತು. ಮಾತ್ರೆ ಎಣಿಸಿದೆ, ಸರಿಯಿತ್ತು. ತರಗತಿಯ ಮೇಡಂಗೆ ಫೋನಾಯಿಸಿದೆ.

"ಸಾರ್, ಆ ಸಾಲುಗಳ ಮುಂದೆ ಒಂದೊಂದು ಹ್ಯಾಷ್ ಗುರುತು ಹಾಕಿ. ಆಗ ಕಂಪ್ಯೂಟರ್ ಅದನ್ನ ಓದಲ್ಲ."

"ಓದಲೆಂದೇ ಬರೆದದ್ದು, ಮೇಡಂ."

"ದೇವರು ಓದ್ತಾರೆ ಸಾರ್. ಕಂಪ್ಯೂಟರ್ ಓದೋದು ಬೇಡ."

ಬುಧವಾರ ಒಂದು ಅಲ್ಪವಿರಾಮ ತಪ್ಪಿತ್ತು. ಗುರುವಾರ ಒಂದು ಆವರಣ ತೆರೆದಲ್ಲಿ ಮುಚ್ಚಿರಲಿಲ್ಲ. ಶುಕ್ರವಾರ ಎಲ್ಲವೂ ಸರಿಯಿದ್ದು, ಮನೆಯ ಇಂಟರ್ನೆಟ್ ಕೈಕೊಟ್ಟಿತು. ಇಪ್ಪತ್ತೇಳು ಮಂದಿಗೆ ಇಪ್ಪತ್ತೇಳು ಫೋಲ್ಡರು ಮಾಡಿ, ಒಂದೊಂದರಲ್ಲಿ ಅವರವರ ಮೂರು ಫೈಲುಗಳನ್ನು ಇಟ್ಟೆ. ಪಟ್ಟಿಯನ್ನು ಅಕಾರಾದಿಯಾಗಿ ಮಾಡುವುದು ಸುಲಭವಿತ್ತು. ಆದರೆ ಎಂಬತ್ತೆರಡರ ದಂತವೈದ್ಯರಿಗಿಂತ ಮುಂಚೆ ಮೂವತ್ತರ ಯಾರಿಗೋ ಪತ್ರ ಹೋಗುವುದು ಯಾವ ಧರ್ಮ? ವಯಸ್ಸಿನ ಹಿರಿತನದ ಕ್ರಮದಲ್ಲಿ ಪಟ್ಟಿ ಮಾಡಿದೆ. ಎರಡನೆಯವರು ನಿವೃತ್ತ ದಂತವೈದ್ಯರು, ಹನ್ನೆರಡನೆಯವನು ನನ್ನ ಬಾಮೈದನಾದ ಲಿಫ್ಟ್ ಮೆಕ್ಯಾನಿಕ್, ಕಟ್ಟಕಡೆಯ ಇಪ್ಪತ್ತೇಳನೆಯವರು ಕನ್ನಡಕದಂಗಡಿಯ ಒಡತಿ. ಮೊದಲನೆಯ ಸ್ಥಾನದಲ್ಲಿ, ಪರೀಕ್ಷಾರ್ಥವಾಗಿ ಮಾತ್ರ, ನನ್ನನ್ನು ಇರಿಸಿಕೊಂಡೆ.

"ಎಲ್ಲರಿಗೂ ಕಳಿಸೋಕೆ ಮುಂಚೆ ಕಡೇಪಕ್ಷ ಇಬ್ಬರಿಗೆ ಕಳಿಸಿ ನೋಡಿ ಸಾರ್," ಎಂದು ಮೇಡಂ ಹೇಳಿದ್ದರು. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ನಾನೊಬ್ಬನಿಗೇ ಕಳುಹಿಸಿ ನೋಡಿದೆ. ನಾನು ಇಬ್ಬರಿಗೆ ಸಮನೆಂಬ ಭಾವನೆ ಒಳಗೆಲ್ಲೋ ಇದ್ದಿರಬೇಕು. ಪತ್ರ ಬಂತು, ಲಗತ್ತುಗಳು ಮೂರೇ ಮೂರು. ನನ್ನ ಪ್ರಸ್ತಾವನೆ, ನನ್ನ ಚೀಟಿ, ನನಗೆ ನಾನೇ ಬರೆದುಕೊಂಡ ಆಪ್ತ ಪತ್ರ. ಪರೀಕ್ಷೆಗೆಂದು ಏನಾದರೂ ಬರೆಯಬೇಕಿತ್ತಲ್ಲ, ಮನಸ್ಸಿನಲ್ಲಿದ್ದುದನ್ನೇ ಬರೆದಿದ್ದೆ.

ಎಂಟರ್ ಒತ್ತಿದೆ.

ತೆರೆಯ ಮೇಲೆ ಸಾಲುಸಾಲಾಗಿ ಇಳಿಯತೊಡಗಿತು: ಒಂದು, ಕಳುಹಿಸಲಾಗಿದೆ. ಎರಡು, ಕಳುಹಿಸಲಾಗಿದೆ. ಮೂರು, ಕಳುಹಿಸಲಾಗಿದೆ. ದಿಗ್ವಿಜಯಕ್ಕೆ ಹೊರಟ ಸೇನೆ ಕೋಟೆಬಾಗಿಲನ್ನು ದಾಟುವುದನ್ನು ಉಪ್ಪರಿಗೆಯಿಂದ ನೋಡುವ ದೊರೆಯಂತೆ ನಾನು ಕುರ್ಚಿಯ ಮೇಲೆ ನಿಂತೇಬಿಟ್ಟೆ.

"ಬಾ, ಬಂದು ನೋಡು ಇಲ್ಲಿ!"

ಅಂದು ರಜೆಯಲ್ಲಿದ್ದ ಅರ್ಧಾಂಗಿ ಒಗೆದ ಬಟ್ಟೆ ಮಡಚುತ್ತಲೇ ಬಂದಳು. "ಕೆಳಗಿಳಿಯಿರಿ ಮೊದಲು. ಆ ಕುರ್ಚಿಗೆ ಮೂರೇ ಕಾಲು ಗಟ್ಟಿ ಇರೋದು."

"ಇಪ್ಪತ್ತೇಳು! ನಲವತ್ತು ಸೆಕೆಂಡು! ಕೈಯಲ್ಲಿ ಮಾಡಿದ್ದರೆ ಒಂದು ಗಂಟೆ."

"ನಾಲ್ಕು ದಿನ ನಲವತ್ತು ಸೆಕೆಂಡು," ಎಂದು ತಿದ್ದಿ, ದಿಂಬಿನ ಚೀಲ ಮಡಚಿದಳು.

ಹತ್ತೂವರೆಗೆ ಮೊದಲ ಫೋನು. ದಂತವೈದ್ಯರು.

"ಏನಯ್ಯಾ ಸಂಪಾದಕ, ನಂಗೆ ಆರು ಫೈಲು ಬಂದಿದೆ. ಮೂರು ನಂದು. ಇನ್ನು ಮೂರು ನಿಂದು."

"ನನ್ನದೇ?"

"ನಿಂದೇ. ನಿಂಗೆ ನೀನೇ ಒಂದು ಕಾಗದ ಬರ್ಕೊಂಡಿದೀಯಲ್ಲ, ಅದನ್ನೂ ಓದಿದೆ. ತಾಳು, ಕನ್ನಡಕ ಹಾಕ್ಕೋತೀನಿ." ಗಂಟಲು ಸರಿಮಾಡಿಕೊಂಡು ಓದತೊಡಗಿದರು: "'ಮಾನ್ಯರೇ, ತಮ್ಮ ಪ್ರಸ್ತಾವನೆಯ ಮುಂದೆ ಉಳಿದ ಇಪ್ಪತ್ತಾರು ಲೇಖನಗಳು ನಡುಹಗಲಿನ ಸೂರ್ಯನಿಗೆ ತೋರಿಸಿದ ಬತ್ತಿಗಳು. ಇದರ ಒಂದಕ್ಷರವನ್ನೂ ಯಾರೂ ಮುಟ್ಟತಕ್ಕದ್ದಲ್ಲ.' ಇದರಲ್ಲಿ ನಂದು ಎಷ್ಟನೇ ಬತ್ತಿ?"

"ಅದು ಪರೀಕ್ಷೆಗೆಂದು ಬರೆದದ್ದು, ಡಾಕ್ಟ್ರೇ."

"ಪರೀಕ್ಷೆ ಚೆನ್ನಾಗಿ ಪಾಸಾಗಿದೆ ಬಿಡು," ಎಂದು ಫೋನಿಟ್ಟರು.

ಯಂತ್ರ ಅತ್ಯುತ್ಸಾಹದಿಂದ ಮೂರು ಹೆಚ್ಚಿಗೆ ಅಂಟಿಸಿರಬೇಕೆಂದು ಸಮಾಧಾನ ತಂದುಕೊಳ್ಳುವಷ್ಟರಲ್ಲಿ ಬಾಮೈದನ ಕರೆ ಬಂತು. ಹಿನ್ನೆಲೆಯಲ್ಲಿ ಯಾವುದೋ ಕಟ್ಟಡದ ಲಿಫ್ಟು ಗೊರಗೊರ ಎನ್ನುತ್ತಿತ್ತು.

"ಭಾವ, ಮೂವತ್ತಾರು ಫೈಲು ಬಂದಿದಾವೆ."

"ಮೂವತ್ತಾರು?"

"ಹೂಂ. ನನ್ನ ಲೇಖನನೇ ಕಳಶ ಅಂತ ಬರೆದಿದೀರಿ. ಭಾಳ ಖುಷಿ ಆಯ್ತು. ಆಮೇಲೆ ಮೇಲಿಂದ ನೋಡ್ಕೊಂಡು ಬಂದೆ. ದಂತವೈದ್ಯರದೂ ಕಳಶ. ಪೋಸ್ಟ್ ಆಫೀಸಿನವರದೂ ಕಳಶ. ಒಂದು ಕಟ್ಟಡಕ್ಕೆ ಎಷ್ಟು ಕಳಶ ಇಡ್ತೀರಿ ಭಾವ? ಭಾರ ತಡೆಯುತ್ತಾ?"

"ನೋಡು, ಅದು ಏನಾಯಿತೆಂದರೆ..."

"ಹತ್ತನೆಯವರಿಗೆ ಬರೆದ ಕಾಗದದಲ್ಲಿ, 'ಲಿಫ್ಟ್ ಮೆಕ್ಯಾನಿಕ್ಕಿನ ಗದ್ಯ ಮೇಲೇರುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ, ನಡುವೆ ನಿಂತುಬಿಡುತ್ತದೆ' ಅಂತ ಇದೆ. ಅಕ್ಕಂಗೆ ಫೋನ್ ಕೊಡಿ."

ಅಕ್ಕನಿಗೆ ಫೋನ್ ಕೊಟ್ಟೆ. ಅವಳು ಎರಡು ನಿಮಿಷ "ಹೂಂ, ಹೂಂ" ಎಂದಳು. ಆಮೇಲೆ ಗೋಡೆಗೆ ತಿರುಗಿಕೊಂಡಳು. ಬೆನ್ನು ಅಲುಗುತ್ತಿತ್ತು. ಅಳುತ್ತಿಲ್ಲವೆಂಬುದು ಮಾತ್ರ ಸ್ಪಷ್ಟವಿತ್ತು.

ಹನ್ನೊಂದರ ಹೊತ್ತಿಗೆ ಫೋನು ಮೇಜಿನ ಮೇಲೆ ತಾನೇ ತಾನಾಗಿ ಸರಿದಾಡತೊಡಗಿತು. ಹಿರಿಯರಿಗೆ ಕಡಮೆ, ಕಿರಿಯರಿಗೆ ಹೆಚ್ಚು ಫೈಲುಗಳು ಹೋಗಿದ್ದವು. ಕಡಮೆ ಬಂದವರು ಹೆಚ್ಚು ಬಂದವರಿಗೆ ಫೋನು ಮಾಡಿ, ತಮ್ಮ ಬಗ್ಗೆ ಏನಿದೆಯೆಂದು ಓದಿಸಿಕೊಳ್ಳುತ್ತಿದ್ದರು. ಒಪ್ಪಿಗೆಯ ಚೀಟಿ? ಒಂದೂ ಬಂದಿರಲಿಲ್ಲ.

ಆಪತ್ತಿನಲ್ಲಿಯೇ ಪಾಂಡಿತ್ಯದ ಬೆಲೆ ತಿಳಿಯುವುದಲ್ಲವೇ? ನಾನು ಕುಳಿತು ಒಂದು ಕ್ಷಮಾಪಣೆಯ ಪತ್ರವನ್ನು ರಚಿಸಿದೆ. 'ತಮ್ಮ ಮನಸ್ಸೊಂದು ನೊಂದದ್ದೇ ನನಗೆ ಮುಖ್ಯ. ಉಳಿದವರ ಮಾತು ಹಾಗಿರಲಿ. ಪ್ರಾಯಶ್ಚಿತ್ತವಾಗಿ ತಾವು ಏನನ್ನೇ ಆಜ್ಞಾಪಿಸಿದರೂ ಶಿರಸಾ ವಹಿಸುವೆನೆಂದು ತಮಗೊಬ್ಬರಿಗೆ ಮಾತು ಕೊಡುತ್ತೇನೆ.' ಸಂಬೋಧನೆಯನ್ನು ಬದಲಿಸಿ ಬದಲಿಸಿ ಇಪ್ಪತ್ತೇಳು ಪ್ರತಿ ಮಾಡಿ, ಅವರವರ ಫೋಲ್ಡರಿಗೆ ಸೇರಿಸಿದೆ.

"ರೀ, ಅದೇ ಪ್ರೋಗ್ರಾಮಲ್ಲೇ ಕಳಿಸ್ತೀರಾ?" ಎಂದಳು ಅರ್ಧಾಂಗಿ ಬಾಗಿಲಲ್ಲಿ ನಿಂತು.

"ಒಮ್ಮೆ ತಪ್ಪಿದೆ. ಈಗ ಅದಕ್ಕೂ ಬುದ್ಧಿ ಬಂದಿರುತ್ತದೆ."

"ಯಾರು ಕಲಿಸಿದ್ರು ಅದಕ್ಕೆ?"

ಮೊದಲು ನನಗೆ ಕಳುಹಿಸಿ ನೋಡಿದೆ. ನಾಲ್ಕೇ ಲಗತ್ತು. ನಿಷ್ಕಳಂಕ. ಎಂಟರ್ ಒತ್ತಿದೆ.

ದಂತವೈದ್ಯರಿಗೆ ಎಂಟು ಹೋದವು. ಬಾಮೈದನಿಗೆ ನಲವತ್ತೆಂಟು. ಕನ್ನಡಕದಂಗಡಿಯಾಕೆಗೆ ನೂರೆಂಟು. ಆ ಸಂಖ್ಯೆಯನ್ನು ಕಂಡು ನನ್ನಂತಹ ಆಸ್ತಿಕನಿಗೆ ಅರೆಕ್ಷಣ ಭಕ್ತಿಯೇ ಉಕ್ಕಿತು. ಮರುಕ್ಷಣ, ಇಪ್ಪತ್ತೇಳು ಕ್ಷಮಾಪಣೆಗಳಲ್ಲೂ 'ತಮಗೊಬ್ಬರಿಗೆ' ಎಂದಿದೆಯೆಂಬುದು ನೆನಪಾಗಿ ಭಕ್ತಿ ಇಳಿದುಹೋಯಿತು. ಎರಡು ಸಲಕ್ಕೂ ಸೇರಿ ಎರಡು ಸಾವಿರದ ಆರುನೂರ ನಲವತ್ತಾರು ಲಗತ್ತುಗಳು ಊರು ಸೇರಿದ್ದವು.

"ಏಳಿ, ಆಚೆ ಕೂತ್ಕೊಳ್ಳಿ," ಎಂದಳು ಅರ್ಧಾಂಗಿ. "ಅದರಲ್ಲಿ ಏನು ಬರೆದಿದೀರಿ, ನಂಗೆ ಅರ್ಥ ಆಗೋ ಹಾಗೆ ಓದಿ ಹೇಳಿ."

"ಮೊದಲಿಗೆ, ಖಾಲಿ ಪಟ್ಟಿಯೊಂದನ್ನು ತೆಗೆದುಕೋ. ಆಮೇಲೆ ಒಬ್ಬೊಬ್ಬ ಲೇಖಕರಿಗೂ ಹೀಗೆ ಮಾಡು: ಅವರ ಫೋಲ್ಡರಿನ ಫೈಲುಗಳನ್ನು ಪಟ್ಟಿಗೆ ಸೇರಿಸು. ಪಟ್ಟಿಯಲ್ಲಿ ಇರುವುದನ್ನೆಲ್ಲ ಲಗತ್ತಿಸಿ ಕಳುಹಿಸು. ಮುಂದಿನವರಿಗೆ ಹೋಗು."

"ಹಿಂದಿನವರದನ್ನ ಪಟ್ಟಿಯಿಂದ ತೆಗಿ ಅಂತ ಎಲ್ಲಿ ಹೇಳಿದೀರಿ?"

"ಮೊದಲೇ ಖಾಲಿ ಪಟ್ಟಿ ಎಂದು ಹೇಳಿದ್ದೇನಲ್ಲ."

"ಅದು ಒಂದೇ ಸಲ, ಶುರುವಿನಲ್ಲಿ." ಅವಳು ಮೇಜಿನ ಮೇಲಿದ್ದ ಬರೆಯುವ ಪ್ಯಾಡನ್ನು ಕೈಗೆತ್ತಿಕೊಂಡಳು. "ವಾರ್ಡಲ್ಲಿ ರೌಂಡ್ಸಿಗೆ ಇಂಥದೇ ಒಂದು ಪ್ಯಾಡ್ ಹಿಡ್ಕೊಂಡು ಹೋಗ್ತೀವಿ. ಒಂದು ಹಾಸಿಗೆ ಆದ ಮೇಲೆ ಅವರ ಹಾಳೆ ತೆಗೆದು, ಮುಂದಿನವರದನ್ನ ಸಿಗಿಸಬೇಕು. ನೀವು ತೆಗೀತಾನೇ ಇಲ್ಲ, ಸಿಗಿಸ್ತಾನೇ ಹೋಗಿದೀರಿ. ಇಪ್ಪತ್ತೇಳನೇ ಹಾಸಿಗೆ ಮುಟ್ಟೋ ಹೊತ್ತಿಗೆ ಇಡೀ ವಾರ್ಡಿನ ಕಾಯಿಲೆ ಅವರ ತಲೆ ಮೇಲೆ."

ನಾನು ತೆರೆಯನ್ನು ನೋಡಿದೆ. ಖಾಲಿ ಪಟ್ಟಿಯ ಸಾಲು ಇರಬೇಕಾದ್ದು ಒಂದು ಸಾಲು ಕೆಳಗೆ, ನಾಲ್ಕು ಅಕ್ಷರದಷ್ಟು ಬಲಕ್ಕೆ. ಅಷ್ಟೇ. ಮೊದಲನೆಯವನಿಗೆ ಹಿಂದಿನವರೇ ಇಲ್ಲವಾದ್ದರಿಂದ ನನ್ನ ಪರೀಕ್ಷೆಯಲ್ಲಿ ಈ ದೋಷ ಯುಗಾಂತ್ಯದವರೆಗೂ ಕಾಣುತ್ತಿರಲಿಲ್ಲ. ಪ್ರೋಗ್ರಾಮಿಂಗ್ ಅರಿಯದ ಈ ಹೆಂಗಸು ನಿಂತ ಕಾಲಿನಲ್ಲಿ ಅದನ್ನು ಹಿಡಿದಳು. ಸಾಲನ್ನು ಸರಿಸಿದೆ. ನನ್ನ ರಕ್ತ ಮತ್ತೆ ಬಿಸಿಯಾಯಿತು.

"ಈಗ ನೋಡು. ಮೂರನೆಯ ಸಲ ಒತ್ತಿದರೆ..."

ಅವಳು ಕೀಬೋರ್ಡನ್ನು ಕಿತ್ತು, ಬಟ್ಟೆಯ ರಾಶಿಯ ಅಡಿಗಿಟ್ಟು, ಮೇಲೆ ಕುಳಿತಳು.

ಮಧ್ಯಾಹ್ನ ಒಂದೂವರೆಗೆ ಕನ್ನಡಕದಂಗಡಿಯಾಕೆಯ ಫೋನು ಬಂತು. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು.

"ಸಾರ್, ನಂಗೆ ನೂರೆಂಟು ಬಂದಿದೆ. ಬೆಳಗ್ಗಿನದು ಎಂಬತ್ತೊಂದು ಬೇರೆ. ಗಿರಾಕಿ ಇರಲಿಲ್ಲ, ಎಲ್ಲಾ ಓದಿದೆ. ಎಲ್ಲರ ಹತ್ರಾನೂ ಮಾತಾಡಿದೀನಿ. ಮೂರೂವರೆಗೆ ಅಂಗಡಿಗೆ ಬನ್ನಿ. ಒಬ್ಬರೇ ಬರಬೇಡಿ, ಅಕ್ಕನ್ನ ಕರ್ಕೊಂಡು ಬನ್ನಿ."

"ಚೀಟಿಗಳು?"

"ಬನ್ನಿ, ಮಾತಾಡೋಣ."

ನಡೆದು ಹೋಗುವಾಗ ಗ್ರಂಥಾಲಯದ ಮುಂದೆಯೇ ಹಾಯಬೇಕಿತ್ತು. ಗಾಜಿನ ಕಿಟಕಿಯಾಚೆ ಗ್ರಂಥಪಾಲಕರು ತಲೆ ಬಗ್ಗಿಸಿ ಯಾವುದೋ ಪುಸ್ತಕದ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದರು. ತಲೆಯೆತ್ತಿ ನಮ್ಮನ್ನು ಕಂಡು ಕೈಬೀಸಿದರು. ನಾನು ಬೀಸಿದ ಕೈ ಅರ್ಧಕ್ಕೇ ನಿಂತಿತು.

"ಅವರಿಗೋಸ್ಕರ ಆದ್ರೂ ಇವತ್ತು ಸ್ವಲ್ಪ ಬಾಯಿ ಮುಚ್ಕೊಂಡಿರಿ," ಎಂದಳು ಅರ್ಧಾಂಗಿ ಮೆಲ್ಲಗೆ.

ಅಂಗಡಿಯ ಒಳಕೋಣೆಯಲ್ಲಿ ಹದಿನೈದು ಹದಿನಾರು ಮಂದಿ ಸೇರಿದ್ದರು. ಖಾಲಿಯಿದ್ದದ್ದು ಕಣ್ಣು ಪರೀಕ್ಷಿಸುವ ಎತ್ತರದ ಕುರ್ಚಿಯೊಂದೇ. ಅದರಲ್ಲಿ ನನ್ನನ್ನು ಕೂರಿಸಿದರು. ಎದುರು ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಫಲಕ. ಅದರ ಅಡಿಯಲ್ಲಿ ಸಾಲಾಗಿ ಕುಳಿತ ನನ್ನ ಲೇಖಕರು. ಒಡತಿ ಗಲ್ಲಾದ ಮೇಲಿದ್ದ ಕಾಗದದ ಕಟ್ಟನ್ನು ತಟ್ಟಿದರು.

"ಇಪ್ಪತ್ತಾರು ಚೀಟಿ. ಎಲ್ಲದಕ್ಕೂ ಸಹಿ ಆಗಿದೆ. ಬರೋಕಾಗದೆ ಇದ್ದವರದನ್ನ ನಾನೇ ತರಿಸಿಕೊಂಡಿದೀನಿ."

"ಅಂದರೆ... ಯಾರಿಗೂ ಕೋಪವಿಲ್ಲವೇ?" ಎಂದೆ.

"ಕೋಪ ಇತ್ತು," ಎಂದರು ದಂತವೈದ್ಯರು. "ಆದ್ರೆ ಒಂದು ಮಾತು ಒಪ್ಪಬೇಕಯ್ಯಾ. ಬೇರೆಯವರ ಬಗ್ಗೆ ನೀನು ಬರೆದದ್ದೆಲ್ಲಾ ಅಪ್ಪಟ ನಿಜ. ಲಿಫ್ಟಿನವನದು ನಡುವೆ ನಿಂತುಬಿಡುತ್ತೆ ಅಂದಿದೀಯಲ್ಲ, ಎಷ್ಟು ಸರಿ ಅಂತೀ. ನನ್ನ ವಿಷಯದಲ್ಲಿ ಮಾತ್ರ ಎಡವಿದೀಯ."

"ಡಾಕ್ಟ್ರ ಹಲ್ಲಿನ ವಿಚಾರ ಸರಿಯಾಗೇ ಇದೆ ಭಾವ," ಎಂದ ಬಾಮೈದ. "ನನ್ನದೊಂದೇ ತಪ್ಪು."

ಸಾಲಿನುದ್ದಕ್ಕೂ ತಲೆಗಳು ಅಲ್ಲಾಡಿದವು. ಪ್ರತಿಯೊಬ್ಬರ ಪ್ರಕಾರ ನನ್ನ ಇಪ್ಪತ್ತೈದು ತೀರ್ಪುಗಳು ಸರಿ, ಒಂದು ತಪ್ಪು. ವಿಮರ್ಶಕನಿಗೆ ಇದಕ್ಕಿಂತ ದೊಡ್ಡ ಮನ್ನಣೆಯುಂಟೇ? ನಾನು ಕುರ್ಚಿಯಲ್ಲಿ ನೇರವಾಗತೊಡಗಿದೆ.

"ಆದ್ರೆ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು," ಎಂದು ಮುಂದುವರಿಸಿದರು ಒಡತಿ. "ನಿಮ್ಮ ಪ್ರಸ್ತಾವನೆ ಎಲ್ಲರಿಗೂ ಎರಡೆರಡು ಸಲ ಬಂದಿದೆ. ಡಾಕ್ಟ್ರೇ, ಮೊದಲನೇ ವಾಕ್ಯ ಓದಿ."

ದಂತವೈದ್ಯರು ಓದತೊಡಗಿದರು. ಯಾರೋ ಗಡಿಯಾರ ಹಿಡಿದರು. ವಾಕ್ಯದ ನಡುವೆ ಅವರು ಎರಡು ಸಲ ಉಸಿರೆಳೆದುಕೊಂಡು, ಒಮ್ಮೆ ನೀರು ಕುಡಿದು, ಪೂರ್ಣವಿರಾಮವನ್ನು ತಲುಪಿದಾಗ ಒಂದು ನಿಮಿಷ ಹತ್ತು ಸೆಕೆಂಡು ಕಳೆದಿತ್ತು.

"ಕ್ರಿಯಾಪದ ಕೊನೆಯಲ್ಲಿ ಬರುವುದು ನಮ್ಮ ಭಾಷೆಯ ಸೊಬಗು," ಎಂದೆ ಕ್ಷೀಣವಾಗಿ.

"ಬರಲಿ ಸಾರ್. ಆದ್ರೆ ಗ್ರಂಥಪಾಲಕರು ಎಲ್ಲಿ ಬರ್ತಾರೆ?" ಒಡತಿ ಪುಟ ತಿರುಗಿಸಿದರು. "ಹದಿನೇಳನೇ ಪುಟದಲ್ಲಿ. ಅಲ್ಲೀವರೆಗೂ ಓಲೆಗರಿ, ಲಿಪಿ, ಶಾಸನ, ಆಮೇಲೆ ನೀವು. ಹದಿನೇಳರಲ್ಲಿ ಅವರ ಬಗ್ಗೆ ಒಂದು ಪುಟ ಇದೆ. ನೆಂದ ಪುಸ್ತಕಾನ ಹಾಳೆಗೊಂದು ಕಾಗದ ಇಟ್ಟು ಒಣಗಿಸ್ತಿದ್ರು ಅಂತ. ಅದು ಚೆನ್ನಾಗಿದೆ ಸಾರ್. ನಂಗೆ ಕಣ್ಣಲ್ಲಿ ನೀರು ಬಂತು. ಹದಿನೆಂಟರಿಂದ ಮತ್ತೆ ನೀವು."

"ಅಂದರೆ?"

"ನಮಗೆಲ್ಲಾ ಒಬ್ಬೊಬ್ಬರಿಗೂ ಒಂದು ಮಾತು ಕೊಟ್ಟಿದೀರಿ, ಏನು ಆಜ್ಞೆ ಮಾಡಿದ್ರೂ ಮಾಡ್ತೀನಿ ಅಂತ. ಇಪ್ಪತ್ತಾರು ಮಾತೂ ಸೇರಿಸಿ ಒಂದೇ ಕೇಳ್ತಿದೀವಿ. ಹದಿನೇಳನೇ ಪುಟ ಇರಲಿ. ಉಳಿದ ಮೂವತ್ತು ಬೇಡ. ನೀವು ಹೂಂ ಅಂದ್ರೆ ಈ ಚೀಟಿಗಳು ಈಗಲೇ ಪ್ರೆಸ್ಸಿಗೆ ಹೋಗ್ತವೆ."

ಗೋಡೆಯ ಫಲಕದ ಅಕ್ಷರಗಳೆಲ್ಲ ಕಲಸಿಹೋದವು. ಮೂವತ್ತು ಪುಟಗಳು! ಒಂದು ಚಳಿಗಾಲವಿಡೀ ಕುಳಿತು ಕಡೆದ ಶಿಲ್ಪ! ನಾನು ಬಾಯಿ ತೆರೆದೆ. ಮೂಲೆಯಲ್ಲಿ ನಿಂತಿದ್ದ ಅರ್ಧಾಂಗಿ ರಸ್ತೆಯಾಚೆ ಗ್ರಂಥಾಲಯ ಕಾಣುವ ಕಿಟಕಿಯ ಕಡೆಗೆ ಸುಮ್ಮನೆ ಒಮ್ಮೆ ನೋಡಿದಳು. ನಾಲ್ಕೂ ಇಪ್ಪತ್ತಾಗಿತ್ತು.

"ಹೂಂ," ಎಂದೆ. ನನ್ನ ಜೀವಮಾನದ ಅತಿ ಚಿಕ್ಕ ವಾಕ್ಯ ಅದು.

ಮುಂದಿನದೆಲ್ಲ ಸರಸರ ನಡೆಯಿತು. ಬಾಮೈದ ಚೀಟಿಗಳನ್ನು ಒಂದೊಂದಾಗಿ ಹಿಡಿದ, ಅರ್ಧಾಂಗಿ ಒಂದೊಂದರ ಫೋಟೋ ತೆಗೆದು ಮುದ್ರಕರಿಗೆ ರವಾನಿಸಿದಳು. ಯಾವ ಪ್ರೋಗ್ರಾಮೂ ಇಲ್ಲದೆ, ಬರಿಯ ಹೆಬ್ಬೆರಳಿನಿಂದ. ನಾಲ್ಕೂ ಮುಕ್ಕಾಲಿಗೆ ಮುದ್ರಕರ ಫೋನು.

"ಸಾರ್, ಇಪ್ಪತ್ತಾರು ಬಂತು. ಒಂದು ಬಂದಿಲ್ಲ."

"ಯಾರದು?"

"ನಿಮ್ಮದೇ. ಒಂದನೇ ನಂಬರು. ಪ್ರಸ್ತಾವನೆ ಒಂದು ಪುಟ ಆಗಿದೆ ಅಂತ ನಿಮ್ಮನೆ ಅಮ್ಮ ಹೇಳಿದ್ರು. ಅದಕ್ಕೆ ನೀವು ಒಪ್ಪಿದೀರಿ ಅಂತ ಚೀಟಿ ಬೇಡವಾ?"

ನನ್ನ ಮೂವತ್ತು ಪುಟಗಳ ಮರಣಪತ್ರಕ್ಕೆ ನಾನೇ ಸಹಿ ಹಾಕಿದೆ. ಅಂಗಡಿಯ ಕಂಪ್ಯೂಟರಿನ ಪಕ್ಕದ ಯಂತ್ರ ಅದರ ನಕಲು ತೆಗೆಯಿತು.

"ನಾನು ಕಳಿಸ್ಲಾ?" ಎಂದಳು ಅರ್ಧಾಂಗಿ.

"ಬೇಡ. ಇದೊಂದನ್ನು ನಾನೇ ಕಳುಹಿಸುತ್ತೇನೆ. ನನ್ನ ಕೈಯಾರೆ."

ಬರಿಯ ಚೀಟಿಯನ್ನು ಹೇಗೆ ಕಳುಹಿಸುವುದು? ಜೊತೆಗೊಂದು ಪತ್ರ ಬೇಡವೇ? ತ್ಯಾಗವೆಂದರೇನು, ಗ್ರಂಥದ ಹಿತಕ್ಕಾಗಿ ಗ್ರಂಥಕಾರ ತನ್ನನ್ನು ಹೇಗೆ ಕಳೆದುಕೊಳ್ಳಬೇಕು, ಇಷ್ಟನ್ನೇ ಸಂಗ್ರಹವಾಗಿ ಬರೆದೆ. ಬೆನ್ನ ಹಿಂದೆ ಹದಿನಾರು ಮಂದಿ ಉಸಿರು ಬಿಗಿಹಿಡಿದು ನಿಂತಿದ್ದರು. ನಾಲ್ಕೂ ಐವತ್ತಾರಕ್ಕೆ ಪೂರ್ಣವಿರಾಮವಿಟ್ಟು, ಕಳುಹಿಸಿ, ಕುರ್ಚಿಯಿಂದೆದ್ದು ಎಲ್ಲರಿಗೂ ಕೈಮುಗಿದೆ. ಚಪ್ಪಾಳೆ ಬಿತ್ತು. ದಂತವೈದ್ಯರು ಬೆನ್ನು ತಟ್ಟಿದರು.

ನಾಲ್ಕೂ ಐವತ್ತೆಂಟಕ್ಕೆ ಫೋನು ಮತ್ತೆ ಬಡಿದುಕೊಂಡಿತು.

"ಸಾರ್, ಕಾಗದ ಬಂತು," ಎಂದರು ಮುದ್ರಕರು. "ಭಾಳ ಚೆನ್ನಾಗಿ ಬರೆದಿದೀರಿ. ಆದ್ರೆ ಅದರ ಜೊತೆ ಲಗತ್ತು ಏನೂ ಇಲ್ಲವಲ್ಲ."

ನಾನು ಬಾಯಿ ಬಿಡುವ ಮೊದಲೇ ಅರ್ಧಾಂಗಿ ನನ್ನನ್ನು ಪಕ್ಕಕ್ಕೆ ಸರಿಸಿ, ಮೌಸಿನ ಮೇಲೆ ಕೈಯಿಟ್ಟು, ಎರಡು ಸಲ ಟಕ್ ಟಕ್ ಎನಿಸಿದಳು. ಆಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಬಂತಾ?"

"ಬಂತಮ್ಮ. ಮೆಷಿನ್ ಹತ್ತಿಸ್ತಿದೀನಿ."

"ಎಷ್ಟು ಬಂದಿದೆ, ಎಣಿಸಿ ಹೇಳಿ."

"ಒಂದೇ, ಅಮ್ಮ."

"ಸದ್ಯ," ಎಂದು ಫೋನಿಟ್ಟು, ನನ್ನನ್ನು ಕಣ್ಣು ಪರೀಕ್ಷಿಸುವ ಕುರ್ಚಿಯಲ್ಲಿ ಮತ್ತೆ ಕೂರಿಸಿ, ಒಡತಿಯ ಕಡೆ ತಿರುಗಿದಳು. "ಹೇಗೂ ಬಂದಿದೀವಿ. ಇವರ ಕಣ್ಣೊಂದು ಸಲ ನೋಡಿಬಿಡಮ್ಮ."